ಸೆಪ್ಟೆಂಬರ್‌ನ ಅಳಿಲು ಬೇಟೆಗೆ ಏರ್ ರೈಫಲ್ ಸಾಕಾ?

ಪ್ರಶ್ನೆ: ನಾನು ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಸೆಪ್ಟೆಂಬರ್‌ನಲ್ಲಿ ಸೀಸನ್ ಶುರುವಾದ ಕೂಡಲೇ ಅಳಿಲು ಬೇಟೆಗೆ ಬಾ ಅಂತ ಆಫೀಸಿನ ಗೆಳೆಯ ಕರೆಯುತ್ತಿದ್ದಾನೆ. ಅವನ ಹತ್ತಿರ ಇರುವುದು ಏರ್ ರೈಫಲ್, ಅಂದ್ರೆ ಗಾಳಿಕೋವಿ ಮಾತ್ರ. ಅದರಿಂದ ಅಳಿಲು ಒಂದೇಟಿಗೆ ಸಾಯುತ್ತದಾ, ಇಲ್ಲ ಗಾಯ ಮಾಡಿಕೊಂಡು ಓಡಿಹೋಗುತ್ತದಾ? ಎಲೆ ಉದುರಿದ ಮೇಲೆ ಹೋಗುವುದು ಒಳ್ಳೆಯದಲ್ವಾ?

ಉತ್ತರ: ಹತ್ತಿರದಿಂದ ತಲೆಗೆ ಹೊಡೆದರೆ ಒಂದೇಟಿಗೆ ಸಾಯುತ್ತದೆ. ದೂರದಿಂದ ಹೊಡೆದರೆ, ಅಥವಾ ಹೊಟ್ಟೆಗೆ ಬಿದ್ದರೆ, ನೀವು ಹೆದರಿದ ಹಾಗೆಯೇ ಆಗುತ್ತದೆ. ಎಲೆ ಉದುರುವ ತನಕ ಕಾಯಬೇಕಾಗಿಲ್ಲ. ಏರ್ ರೈಫಲ್ ಇರುವವನಿಗೆ ವರ್ಷದಲ್ಲಿ ಹೇಳಿಮಾಡಿಸಿದ ಕಾಲ ಮರದ ತುಂಬ ಎಲೆ ಇರುವ ಈ ಮೊದಲ ಕೆಲವು ವಾರಗಳೇ.

ಊರಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ಇಲ್ಲಿ ಹೇಳುತ್ತಿರುವುದು ನಮ್ಮ ಕಾಂಪೌಂಡಿನ ಮೇಲೆ ಓಡಾಡುವ ಗೆರೆ ಗೆರೆಯ ಪುಟ್ಟ ಅಳಿಲಿನ ವಿಷಯವಲ್ಲ. ಅಮೆರಿಕದ ಪೂರ್ವ ಭಾಗದ ಬೂದು ಅಳಿಲು ಸುಮಾರು ಅರ್ಧ ಕೆಜಿ ತೂಗುತ್ತದೆ. ಫಾಕ್ಸ್ ಸ್ಕ್ವಿರಲ್ ಎಂಬ ಇನ್ನೊಂದು ಜಾತಿ ಒಂದು ಕೆಜಿ ಮುಟ್ಟುವುದೂ ಉಂಟು. ಅಲ್ಲಿನವರಿಗೆ ಅದು ಅಡುಗೆಗೆ ಬರುವ ಬೇಟೆ. ಲೈಸೆನ್ಸ್, ಸೀಸನ್, ದಿನಕ್ಕೆ ಇಷ್ಟೇ ಎಂಬ ಲೆಕ್ಕ, ಎಲ್ಲ ಇದೆ. ಸೀಸನ್ ಶುರುವಾಗುವುದು ರಾಜ್ಯಕ್ಕೊಂದು ತರ. ಮಿಸೌರಿಯಲ್ಲಿ ಮೇ ತಿಂಗಳ ನಾಲ್ಕನೇ ಶನಿವಾರ, ಕೆಂಟಕಿಯಲ್ಲಿ ಆಗಸ್ಟ್‌ನ ಮೂರನೇ ಶನಿವಾರ, ಓಹಾಯೊದಲ್ಲಿ ಸೆಪ್ಟೆಂಬರ್ 1, ನಿಮ್ಮಲ್ಲಿ ಸೆಪ್ಟೆಂಬರ್ ನಡುವೆ.

ಈಗ ಎಲೆಯ ವಿಷಯಕ್ಕೆ ಬರೋಣ. ಸೆಪ್ಟೆಂಬರ್‌ನಲ್ಲಿ ಓಕ್, ಹಿಕರಿ, ಬೀಚ್ ಮರಗಳೆಲ್ಲ ಇನ್ನೂ ದಟ್ಟವಾಗಿರುತ್ತವೆ. 30 ಗಜದ ಆಚೆ ಅಳಿಲು ಕೂತಿದ್ದರೂ ನಿಮಗೆ ಕಾಣುವುದು ಅಲುಗುವ ಕೊಂಬೆ ಮಾತ್ರ. ಮದ್ದುಗುಂಡಿನ .22 (ನಳಿಗೆಯ ಅಗಲ 0.22 ಇಂಚು) ರೈಫಲ್ ಹಿಡಿದವನಿಗೆ ಇದು ತಲೆನೋವು. ಅವನ ಕೋವಿ 60-70 ಗಜ ಹೊಡೆಯಬಲ್ಲದು, ಆದರೆ ಅಷ್ಟು ದೂರ ಕಣ್ಣು ಹಾಯುವುದೇ ಇಲ್ಲ. ಏರ್ ರೈಫಲ್‌ನವನಿಗೆ ನಷ್ಟ ಏನೂ ಇಲ್ಲ, ಯಾಕೆಂದರೆ ಅವನು ಧೈರ್ಯವಾಗಿ ಹೊಡೆಯಬಹುದಾದ ದೂರವೇ 30-35 ಗಜ. ಹೇಗೂ ಹತ್ತಿರ ಹೋಗಲೇಬೇಕು, ಹೋಗುವುದಕ್ಕೆ ಎಲೆಯೇ ಮರೆ ಕೊಡುತ್ತದೆ. ನೆಲದ ಮೇಲೆ ಒಣಗಿದ ಎಲೆಯೂ ಅಷ್ಟಾಗಿ ಇರುವುದಿಲ್ಲ, ಇಬ್ಬನಿ ಬಿದ್ದ ಬೆಳಗ್ಗೆಯಂತೂ ಕಾಲಡಿ ಸದ್ದೇ ಆಗುವುದಿಲ್ಲ. ನವೆಂಬರ್‌ನಲ್ಲಿ ಪರಿಸ್ಥಿತಿ ಉಲ್ಟಾ. ಬೋಳು ಕಾಡಿನಲ್ಲಿ ನೀವು ಚರಚರ ನಡೆದುಕೊಂಡು ಬರುವುದನ್ನು ಅಳಿಲು ದೂರದಿಂದಲೇ ನೋಡಿ, ಮರದ ಆ ಕಡೆಗೆ ಸರಿದುಬಿಟ್ಟಿರುತ್ತದೆ.

ಹಾಗಾದರೆ ಕಾಣದ ಅಳಿಲನ್ನು ಹುಡುಕುವುದು ಹೇಗೆ? ಕಿವಿಯಿಂದ. ಈ ಕಾಲದಲ್ಲಿ ಅಳಿಲಿಗೆ ಎಲ್ಲಕ್ಕಿಂತ ಇಷ್ಟ ಹಿಕರಿ ಕಾಯಿ. ಶ್ಯಾಗ್‌ಬಾರ್ಕ್ ಹಿಕರಿ ಮರವನ್ನು ಒಂದು ಸಲ ನೋಡಿದರೆ ಮರೆಯುವುದಿಲ್ಲ. ತೊಗಟೆ ಉದ್ದುದ್ದ ಪಟ್ಟಿಯಾಗಿ ಕಾಂಡದಿಂದ ಎದ್ದು ನಿಂತಿರುತ್ತದೆ. ಅದರ ಕಾಯಿಗೆ ಹೊರಗೆ ದಪ್ಪ ಹಸಿರು ಸಿಪ್ಪೆ, ನಾಲ್ಕು ಹೋಳಾಗಿ ಬಿಡುವಂಥದ್ದು. ಒಳಗೆ ಗಟ್ಟಿ ಚಿಪ್ಪು, ಅದರೊಳಗೆ ತಿರುಳು. ಅಳಿಲು ಕಾಯಿಯನ್ನು ಮುಂಗಾಲಿನಲ್ಲಿ ತಿರುಗಿಸುತ್ತಾ ಸಿಪ್ಪೆಯನ್ನು ಕಚ್ಚಿ ಕಚ್ಚಿ ಉಗಿಯುತ್ತದೆ. ಆ ಚೂರುಗಳು ಎಲೆಯಿಂದ ಎಲೆಗೆ ಬಡಿದುಕೊಂಡು ಪಟಪಟ ಉದುರುತ್ತವೆ. ಗಾಳಿ ಇಲ್ಲದ ಬೆಳಗ್ಗೆ ಮಳೆ ನಿಂತ ಮೇಲೆ ಮರ ಹನಿಯುವ ಹಾಗೆ ಕೇಳುತ್ತದೆ. ಇನ್ನೂ ಹತ್ತಿರ ಹೋದರೆ ಹಲ್ಲು ಚಿಪ್ಪನ್ನು ಕೆರೆಯುವ ಸದ್ದೂ ಕೇಳುತ್ತದೆ.

ಮರದ ಬುಡವನ್ನೂ ನೋಡಿ. ಸಿಪ್ಪೆ ಚೂರು ಹಸಿರಾಗಿ, ಒಳಮೈ ಬೆಳ್ಳಗಿದ್ದರೆ ಊಟ ಇವತ್ತೇ ನಡೆದಿದೆ. ಕಂದಿದ್ದರೆ ಹಳೆಯದು, ಮುಂದಿನ ಮರಕ್ಕೆ ಹೋಗಿ. ಬೆಳಕು ಹರಿಯುವ ಮುಂಚೆಯೇ ಅಂಥ ಮರದಿಂದ ಸುಮಾರು 20 ಗಜ ದೂರದಲ್ಲಿ, ಬೇರೆ ಮರಕ್ಕೆ ಬೆನ್ನು ಕೊಟ್ಟು ಕೂತುಬಿಡಿ. ಮೊಬೈಲ್ ತೆಗೆಯಬೇಡಿ, ಅಲುಗುವ ಕೈ ಅಳಿಲಿಗೆ ಬೇಗ ಕಾಣುತ್ತದೆ. ಒಂದು ಬಿದ್ದರೆ ಕೂಡಲೇ ಎದ್ದು ಓಡಬೇಡಿ. ಬಿದ್ದ ಜಾಗ ನೆನಪಿಟ್ಟುಕೊಂಡು, ಅದು ಅಲುಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಕೂತೇ ಇರಿ. ಏರ್ ರೈಫಲ್ ಸದ್ದು ಚಿಕ್ಕದು, ಅದೇ ಮರದ ಉಳಿದ ಅಳಿಲುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ತಿನ್ನಲು ಶುರು ಮಾಡುತ್ತವೆ. ಮದ್ದಿನ ಈಡು ಕೇಳಿದ ಮರದಲ್ಲಿ ಇಷ್ಟು ಬೇಗ ಹಾಗೆ ಆಗುವುದಿಲ್ಲ.

ಇನ್ನು ಕೋವಿಯ ಶಕ್ತಿ. ಅಂಗಡಿಯ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಸೆಕೆಂಡಿಗೆ 1,200 ಅಡಿ, 1,300 ಅಡಿ ಅಂತ ಬರೆದಿರುತ್ತಾರೆ. ಅದನ್ನು ನೋಡಿ ಮರುಳಾಗಬೇಡಿ. ಸಾಮಾನ್ಯವಾಗಿ ತೀರಾ ಹಗುರ ಪೆಲೆಟ್ (ಗಾಳಿಕೋವಿಯ ಪುಟ್ಟ ಗುಂಡು) ಹಾಕಿ ತೆಗೆದ ವೇಗ ಅದು. ಶಬ್ದದ ವೇಗ ದಾಟಿದ ಪೆಲೆಟ್ ಚಟಾರ್ ಅಂತ ಸದ್ದೂ ಮಾಡುತ್ತದೆ, ದಾರಿಯಲ್ಲಿ ತೂರಾಡುತ್ತದೆ ಕೂಡ. ಸುಮಾರು 1 ಗ್ರಾಂ ತೂಕದ .22 ಸೀಸದ ಪೆಲೆಟ್ ಸೆಕೆಂಡಿಗೆ 800 ಅಡಿ ಹೋದರೆ ಅದರ ಶಕ್ತಿ ಹತ್ತಿರ ಹತ್ತಿರ 30 ಜೂಲ್. ಮದ್ದಿನ .22 ಗುಂಡಿನ ಮುಂದೆ ಇದು ಏನೂ ಅಲ್ಲ, ಆರರಲ್ಲಿ ಒಂದು ಪಾಲು. ಆದರೆ ಅಳಿಲಿನ ತಲೆಗೆ ಬೇಕಾದ್ದಕ್ಕಿಂತ ಜಾಸ್ತಿಯೇ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್‌ಗೆ 12 ಅಡಿ-ಪೌಂಡ್, ಅಂದ್ರೆ ಸುಮಾರು 16 ಜೂಲ್‌ನ ಮಿತಿ ಇದೆ. 19ನೇ ಶತಮಾನದಲ್ಲಿ ಅಮೆರಿಕದಿಂದ ತಂದು ಬಿಟ್ಟ ಇದೇ ಬೂದು ಅಳಿಲು ಅಲ್ಲಿ ಈಗ ದೊಡ್ಡ ಪೀಡೆ. ಅದನ್ನು ಅಲ್ಲಿನವರು ಈ 16 ಜೂಲ್‌ನಲ್ಲೇ ಹೊಡೆಯುತ್ತಾರೆ, ಹತ್ತಿರದಿಂದ, ತಲೆಗೆ.

ಹಾಗಾಗಿ ಗೆಳೆಯನನ್ನು ಕೇಳಬೇಕಾದ್ದು ‘ಎಷ್ಟು ಪವರ್’ ಅಂತ ಅಲ್ಲ. ‘30 ಗಜದಲ್ಲಿ ಐದು ಪೆಲೆಟ್ ಒಂದು ಕ್ವಾರ್ಟರ್ (25 ಸೆಂಟ್) ನಾಣ್ಯದೊಳಗೆ, ಅಂದ್ರೆ ಸುಮಾರು ಒಂದು ಇಂಚಿನೊಳಗೆ ಬೀಳುತ್ತವಾ’ ಅಂತ ಕೇಳಿ. ಕಣ್ಣು ಮತ್ತು ಕಿವಿಯ ನಡುವಿನ ಜಾಗ ಅಷ್ಟೇ ಇರುವುದು. 30 ಗಜದಲ್ಲಿ ಆಗದಿದ್ದರೆ 20ರಲ್ಲಿ ನೋಡಿ, ಎಲ್ಲಿ ಆಗುತ್ತದೋ ಅದೇ ನಿಮ್ಮ ಗಡಿ. ಬೇರೆ ಬೇರೆ ಪೆಲೆಟ್ ಹಾಕಿ ನೋಡುವುದೂ ಮುಖ್ಯ, ಒಂದೊಂದು ನಳಿಗೆಗೆ ಒಂದೊಂದು ಒಗ್ಗುತ್ತದೆ. ಚೂಪು ಮೂತಿಯದು ನೋಡಲು ಭಯಂಕರ, ಆದರೆ ಗುಂಡು ತಲೆಯ ಸಾದಾ ಪೆಲೆಟ್ ಸಾಮಾನ್ಯವಾಗಿ ಅದಕ್ಕಿಂತ ನೇರ ಹೋಗುತ್ತದೆ.

ನಳಿಗೆ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ಕೋವಿಗೆ ಒಂದು ವಿಚಿತ್ರ ಸ್ವಭಾವ ಇದೆ. ಕುದುರೆ (ಟ್ರಿಗರ್) ಎಳೆದಾಗ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುವುದರಿಂದ ಕೋವಿ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ, ಅದೂ ಪೆಲೆಟ್ ಇನ್ನೂ ನಳಿಗೆಯಲ್ಲಿ ಇರುವಾಗಲೇ. ಬಿಗಿಯಾಗಿ ಹಿಡಿದರೆ ಗುರಿ ತಪ್ಪುತ್ತದೆ. ಅಂಗೈ ಮೇಲೆ ಸುಮ್ನೆ ಒರಗಿಸಿಟ್ಟ ಹಾಗೆ ಹಿಡಿಯಬೇಕು, ಕೊಂಬೆಯ ಮೇಲೆ ನೇರ ಊರಬಾರದು. ಲೋಡ್ ಮಾಡುವಾಗ ಮಾತ್ರ ಮಡಚಿದ ನಳಿಗೆಯನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಿ, ಅದು ತಟ್ಟನೆ ಮುಚ್ಚಿಕೊಂಡರೆ ಬೆರಳು ಹೋಗುತ್ತದೆ. ಪಂಪಿನಿಂದಲೋ ಸಿಲಿಂಡರಿನಿಂದಲೋ ಮೊದಲೇ ಗಾಳಿ ತುಂಬಿಸಿಡುವ ಪಿಸಿಪಿ ಕೋವಿಗೆ ಈ ಕಾಟ ಇಲ್ಲ. ದುಡ್ಡು ಜಾಸ್ತಿ, ಪಂಪ್ ಮಾಡುವಷ್ಟರಲ್ಲಿ ಬೆವರೂ ಜಾಸ್ತಿ.

ಮೇಲಕ್ಕೆ ಹೊಡೆಯುವಾಗ ಇನ್ನೊಂದು ಲೆಕ್ಕ. ನೀವು ಬುಡದಿಂದ 20 ಗಜ ದೂರ ಇದ್ದೀರಿ, ಅಳಿಲು 20 ಗಜ ಎತ್ತರದಲ್ಲಿದೆ ಅಂದುಕೊಳ್ಳಿ. ಓರೆಯಾಗಿ ಅಳೆದರೆ 28 ಗಜ. ಆದರೆ ಪೆಲೆಟ್ ಕೆಳಗಿಳಿಯುವ ಲೆಕ್ಕಕ್ಕೆ ಹಿಡಿಯಬೇಕಾದ್ದು ನೆಲದ ಮೇಲಿನ 20 ಗಜ ಮಾತ್ರ. ಇದನ್ನು ಮರೆತು 28 ಗಜಕ್ಕೆ ಅಂತ ಎತ್ತಿ ಹೊಡೆದರೆ ಪೆಲೆಟ್ ಮೇಲೆ ಹಾರಿಹೋಗುತ್ತದೆ.

ಆ ಹಾರಿಹೋದ ಪೆಲೆಟ್ ಎಲ್ಲಿ ಬೀಳುತ್ತದೆ ಎಂಬುದೂ ನಿಮ್ಮ ತಲೆಬಿಸಿಯೇ. ಮದ್ದಿನ .22 ಗುಂಡು ಒಂದೂವರೆ ಮೈಲಿ ಹೋಗಬಲ್ಲದು. ಪೆಲೆಟ್ ಕೆಲವು ನೂರು ಗಜಕ್ಕೇ ಸುಸ್ತಾಗುತ್ತದೆ. ಮರದ ಮೇಲಕ್ಕೆ ಹೊಡೆಯುವ ಬೇಟೆಗೆ ಇದು ಏರ್ ರೈಫಲ್‌ನ ದೊಡ್ಡ ಗುಣ. ಆದರೂ ಆಟದ ಸಾಮಾನು ಅಂದುಕೊಳ್ಳಬೇಡಿ. ಪಿಟ್ಸ್‌ಬರ್ಗ್ ಅಂದರೆ ನಮ್ಮವರಿಗೆ ವೆಂಕಟೇಶ್ವರ ದೇವಸ್ಥಾನ ನೆನಪಾಗುತ್ತದೆ, ಆದರೆ ಏರ್ ರೈಫಲ್‌ನ ಒಂದು ಹಳೆಯ ಅವಘಡವೂ ಆ ಊರಿನ ಹತ್ತಿರವೇ ನಡೆದದ್ದು. 1803ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಅನ್ವೇಷಕ ಮೆರಿವೆದರ್ ಲೂಯಿಸ್ ಪಶ್ಚಿಮದ ಮಹಾಯಾನಕ್ಕೆ ಪಿಟ್ಸ್‌ಬರ್ಗ್‌ನಿಂದ ದೋಣಿಯಲ್ಲಿ ಹೊರಟ. ಮೂರು ಮೈಲಿ ಹೋಗಿ ಒಂದು ನಡುಗಡ್ಡೆಯಲ್ಲಿ ಇಳಿದು ಅಲ್ಲಿದ್ದವರಿಗೆ ತನ್ನ ಏರ್ ರೈಫಲ್ ತೋರಿಸಿದ. ಅದರ ಬಳಕೆ ಗೊತ್ತಿಲ್ಲದ ಒಬ್ಬನ ಕೈಯಲ್ಲಿ ಈಡು ಹಾರಿ, 40 ಗಜ ದೂರದಲ್ಲಿದ್ದ ಹೆಂಗಸಿನ ಕಣತಲೆಯನ್ನು ಸವರಿಕೊಂಡು ಹೋಯಿತು. ಆಕೆ ನೆಲಕ್ಕೆ ಬಿದ್ದಾಗ ಎಲ್ಲರೂ ಸತ್ತೇಹೋದಳು ಅಂದುಕೊಂಡರಂತೆ. ಪುಣ್ಯಕ್ಕೆ ಬದುಕಿದಳು. ಮುಂದೆ ಸೆಪ್ಟೆಂಬರ್‌ನಲ್ಲಿ ಅಳಿಲುಗಳು ಹಿಂಡುಹಿಂಡಾಗಿ ಓಹಾಯೊ ನದಿಯನ್ನು ಈಜಿ ದಾಟುವುದನ್ನು ಲೂಯಿಸ್ ನೋಡಿದ. ಆಗ ಕೋವಿ ಎತ್ತಲಿಲ್ಲ, ತನ್ನ ನಾಯಿಯನ್ನು ನೀರಿಗೆ ಬಿಟ್ಟು ಹಿಡಿಸಿದ. ಹುರಿದು ತಿಂದೆ, ಚೆನ್ನಾಗಿತ್ತು ಅಂತ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ಕಾನೂನಿನ ವಿಷಯದಲ್ಲಿ ಗೆಳೆಯನ ಬಾಯಿಮಾತು ಸಾಲದು. ಪೆನ್ಸಿಲ್ವೇನಿಯಾದಲ್ಲಿ ಸಣ್ಣ ಬೇಟೆಗೆ ಏರ್ ರೈಫಲ್ ಒಪ್ಪಿಗೆಯಾದದ್ದೇ 2017ರಲ್ಲಿ, ಅದೂ .177ರಿಂದ .22ರವರೆಗಿನ ಅಳತೆಗೆ. ದಿನಕ್ಕೆ ಆರು ಅಳಿಲು. ಮೈಮೇಲೆ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ ಇರಬೇಕು. ಜನ ವಾಸವಿರುವ ಮನೆಯಿಂದ 150 ಗಜದೊಳಗೆ ಅವರ ಒಪ್ಪಿಗೆ ಇಲ್ಲದೆ ಬೇಟೆ ಆಡುವಂತಿಲ್ಲ. ಮೊದಲ ಸಲ ಲೈಸೆನ್ಸ್ ತೆಗೆದುಕೊಳ್ಳುವವರು ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ರಾಜ್ಯದ ಗೇಮ್ ಕಮಿಷನ್ ವರ್ಷಾವರ್ಷ ನಿಯಮದ ಪುಸ್ತಕ ಹೊರಡಿಸುತ್ತದೆ, ಈ ವರ್ಷದ್ದನ್ನು ಓದಿಯೇ ಹೊರಡಿ.

ವೀಸಾ ಮೇಲೆ ಇರುವವರಿಗೆ ಇನ್ನೊಂದು ಮಾತು. ಎಚ್‌-1ಬಿಯಂಥ ತಾತ್ಕಾಲಿಕ ವೀಸಾದವರು ಮದ್ದಿನ ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಗಾಳಿಯಿಂದ ಹೊಡೆಯುವ ಕೋವಿ ಆ ಕಾನೂನಿನ ಲೆಕ್ಕದಲ್ಲಿ ಬಂದೂಕೇ ಅಲ್ಲ. ಆದರೆ ರಾಜ್ಯಗಳ ಲೆಕ್ಕ ಬೇರೆ. ನಮ್ಮವರು ಅಷ್ಟೊಂದು ಇರುವ ಪಕ್ಕದ ನ್ಯೂಜೆರ್ಸಿಯಲ್ಲಿ ಏರ್ ರೈಫಲ್ಲೂ ಬಂದೂಕೇ, ಕೊಳ್ಳಲು ಪೊಲೀಸರಿಂದ ಗುರುತಿನ ಕಾರ್ಡ್ ಬೇಕು. ಅದನ್ನು ಕಾರಿನಲ್ಲಿ ಹಾಕಿಕೊಂಡು ಗಡಿ ದಾಟುವ ಮುಂಚೆ ಎರಡು ಸಲ ಯೋಚಿಸಿ. ಹಿತ್ತಲಲ್ಲಿ ಅಭ್ಯಾಸ ಮಾಡೋಣ ಅಂದರೂ ಎಷ್ಟೋ ಊರುಗಳಲ್ಲಿ ಸ್ಥಳೀಯ ನಿಯಮ ಬಿಡುವುದಿಲ್ಲ.

ಸೀಸನ್ ಶುರುವಿನ ಬಗ್ಗೆ ತಕರಾರು ಇಲ್ಲವೇ ಇಲ್ಲ ಅಂತಲ್ಲ. ಬೂದು ಅಳಿಲು ವರ್ಷಕ್ಕೆ ಎರಡು ಸಲ ಮರಿ ಹಾಕುತ್ತದೆ, ಚಳಿಗಾಲದ ಕೊನೆಗೊಮ್ಮೆ, ಬೇಸಿಗೆಯಲ್ಲೊಮ್ಮೆ. ಜುಲೈ-ಆಗಸ್ಟ್‌ನಲ್ಲಿ ಹುಟ್ಟಿದ ಮರಿಗಳು ಹತ್ತು ವಾರದವರೆಗೆ ಹಾಲು ಕುಡಿಯುತ್ತವೆ. ಅಂದ್ರೆ ನೀವು ಹೊಡೆದದ್ದು ಹಾಲೂಡಿಸುವ ತಾಯಿಯೂ ಆಗಿರಬಹುದು. ಆಗಸ್ಟ್ ಬೇಟೆ ನನಗೆ ಹಿಡಿಸದಿರುವುದು ಇದಕ್ಕೇ. ಸೆಪ್ಟೆಂಬರ್ ಕೊನೆಯ ವಾರಕ್ಕೆ ಹೊರಟರೆ ಆ ಸಾಧ್ಯತೆ ಕಡಿಮೆ, ಎಲೆಯೂ ಇನ್ನೂ ಮರದಲ್ಲೇ ಇರುತ್ತದೆ.

ಎರಡನೆಯದು ನೋಡಲು ಅಸಹ್ಯ. ಬಾಟ್‌ಫ್ಲೈ ಎಂಬ ನೊಣದ ಮರಿಹುಳ ಬೇಸಿಗೆಯ ಕೊನೆಗೆ ಅಳಿಲಿನ ಚರ್ಮದಡಿ ಬೆಳೆಯುತ್ತದೆ. ಕುತ್ತಿಗೆ ಹತ್ತಿರ, ಭುಜದ ಮೇಲೆ ಗಂಟು, ಗಂಟಿನ ನಡುವೆ ಉಸಿರಾಟಕ್ಕೆ ಒಂದು ತೂತು. ಮೊದಲ ಹಿಮ ಬೀಳುವವರೆಗೆ ಅಳಿಲು ತಿನ್ನಬಾರದು ಅಂತ ಅಲ್ಲಿನ ಹಳಬರು ಹೇಳುವುದು ಇದನ್ನು ನೋಡಿಯೇ. ಹುಳ ಇರುವುದು ಚರ್ಮದಡಿ ಮಾತ್ರ, ಚರ್ಮ ಸುಲಿದಾಗ ಅದರ ಜೊತೆಗೇ ಬರುತ್ತದೆ, ಮಾಂಸಕ್ಕೆ ತೊಂದರೆ ಇಲ್ಲ. ನಿಜವಾಗಿ ಹೆದರಬೇಕಾದ್ದು ಸೆಕೆಗೆ. ಹೊಡೆದ ಅಳಿಲನ್ನು ಚೀಲದಲ್ಲಿ ಮಧ್ಯಾಹ್ನದವರೆಗೆ ಇಟ್ಟುಕೊಂಡು ತಿರುಗಿದರೆ ಕೆಟ್ಟೇಹೋಗುತ್ತದೆ. ಕೈಗವಸು ಹಾಕಿಕೊಂಡು ಅಲ್ಲೇ ಸುಲಿದು, ಕರುಳು ತೆಗೆದು, ಐಸ್ ಪೆಟ್ಟಿಗೆಗೆ ಹಾಕಿ. ಸೀಸದ ಚೂರು ಇರಬಹುದಾದ ಭಾಗ ಬಿಸಾಡಿ. ಎಳೆಯದಾದರೆ ಹುರಿಯಬಹುದು. ಬಲಿತದ್ದಾದರೆ ನಿಧಾನಕ್ಕೆ ಬೇಯಬೇಕು, ಕಾಳುಮೆಣಸು ಮುಂದಾಗಿರುವ ನಮ್ಮ ಮಸಾಲೆ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಕಾಡಿನಿಂದ ಬಂದ ಮೇಲೆ ಉಣ್ಣಿ ಕಚ್ಚಿಕೊಂಡಿದೆಯಾ ಅಂತ ಮೈಯೆಲ್ಲ ಹುಡುಕಿ.

ಇದನ್ನೆಲ್ಲ ಓದಿ ತೋಟದ ಕೋಕೋ ತಿನ್ನುವ ಅಳಿಲಿನ ಮೇಲೆ ಗಾಳಿಕೋವಿ ಎತ್ತಬಹುದಾ ಅಂತ ಮಲೆನಾಡಿನ ಯಾರಾದರೂ ಕೇಳಿದರೆ, ಬೇಡ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಕೆಂಜಳಿಲಿಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಊರಿಗೆ ಬರುವಾಗ ಅಲ್ಲಿಂದ ಒಂದು ಏರ್ ರೈಫಲ್ ತರೋಣ ಅನ್ನುವವರಿಗೂ ಗೊತ್ತಿರಲಿ. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ಅಳತೆ .177, ಅಂದ್ರೆ 4.5 ಮಿಲಿಮೀಟರ್ ದಾಟಿದರೆ, ಇಲ್ಲವೇ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕು. ಮೇಲೆ ಹೇಳಿದ 30 ಜೂಲ್‌ನ .22 ಕೋವಿ ಎರಡನ್ನೂ ದಾಟುತ್ತದೆ. ಲೈಸೆನ್ಸ್ ಸಿಕ್ಕಿದರೂ ಅದರಿಂದ ಇಲ್ಲಿ ಹೊಡೆಯಬಹುದಾದ್ದು ಗುರಿ ಹಾಳೆಯನ್ನು ಮಾತ್ರ.