ವಿಶ್ರಾಂತ ಚಯಾಪಚಯ ದರ: ಒಬ್ಬರದೇ ಎರಡು ಅಳತೆ ಯಾಕೆ ಹೊಂದುವುದಿಲ್ಲ?

ಆರೋಗ್ಯವಂತರೊಬ್ಬರು ಸುಮ್ಮನೆ ಮಲಗಿದ್ದಾಗ ದೇಹ ಖರ್ಚು ಮಾಡುವ ಶಕ್ತಿ, ಅಂದರೆ ವಿಶ್ರಾಂತ ಚಯಾಪಚಯ ದರ (ಆರ್‌ಎಂಆರ್) ಸೋಮವಾರ ದಿನಕ್ಕೆ 1,535 ಕಿಲೋಕ್ಯಾಲರಿ ಬಂತು, ಗುರುವಾರ 1,610 ಬಂತು ಎಂದಿಟ್ಟುಕೊಳ್ಳಿ. ದೇಹದಲ್ಲಿ ಏನೋ ಬದಲಾಗಿದೆ ಎಂದು ಬರೆಯುವ ಮೊದಲು ಈ 75ರಲ್ಲಿ ಯಂತ್ರದ ಪಾಲೆಷ್ಟು, ಆ ದಿನದ ಪಾಲೆಷ್ಟು ಎಂದು ನೋಡಬೇಕು.

ಈ ದರವನ್ನು ಅಳೆಯುವ ವಿಧಾನವಾದ ಪರೋಕ್ಷ ಕ್ಯಾಲರಿಮೆಟ್ರಿಯಲ್ಲಿ ನಾವು ಶಾಖವನ್ನು ಅಳೆಯುವುದೇ ಇಲ್ಲ. ಅಳೆಯುವುದು ಉಸಿರಿನ ಅನಿಲಗಳನ್ನು. ವೀರ್ 1949ರಲ್ಲಿ ಕೊಟ್ಟ ಸೂತ್ರ: ನಿಮಿಷಕ್ಕೆ ಬಳಸಿದ ಆಮ್ಲಜನಕ (ಮಿ.ಲೀ.) × 3.941, ಅದಕ್ಕೆ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ × 1.106 ಕೂಡಿಸಿ, ಒಟ್ಟನ್ನು ದಿನದ ಕಿಲೋಕ್ಯಾಲರಿಗೆ ತರಲು 1.44ರಿಂದ ಗುಣಿಸಬೇಕು. ಆಮ್ಲಜನಕ 220, ಡೈಆಕ್ಸೈಡ್ 180 ಇದ್ದರೆ 1,535 ಬರುತ್ತದೆ. ಈಗ ಒಂದೊಂದನ್ನೇ 5% ತಪ್ಪಿಸಿ ನೋಡಿ. ಡೈಆಕ್ಸೈಡ್ ತಪ್ಪಿದರೆ ಉತ್ತರ ಬರೀ 14 ಕಿಲೋಕ್ಯಾಲರಿ ಅಲುಗುತ್ತದೆ, ಆಮ್ಲಜನಕ ತಪ್ಪಿದರೆ 62. ಹುಡ್ (ತಲೆಯ ಮೇಲೆ ಇಡುವ ಪಾರದರ್ಶಕ ಮುಸುಕು) ಬಳಸುವಾಗ ಒಳಗಾಳಿಗೂ ಹೊರಗಾಳಿಗೂ ಆಮ್ಲಜನಕದಲ್ಲಿ ಇರುವ ಅಂತರವೇ ಸುಮಾರು 1 ಶೇಕಡಾಂಶ. ಸೆನ್ಸರ್ 0.05 ಅಂಶ ಜಾರಿದರೂ ಆ 5% ತಪ್ಪು ಆಗಿಹೋಯಿತು. ಪ್ರತಿ ಅಳತೆಗೂ ಮುಂಚೆ ಯಂತ್ರವನ್ನು ಗೊತ್ತಿರುವ ಅನಿಲದಿಂದ ಕ್ಯಾಲಿಬ್ರೇಟ್ ಮಾಡಿ ಎನ್ನುವುದು ಇದಕ್ಕೇ.

ವ್ಯಕ್ತಿಯ ಕಡೆಯಿಂದ ಬರುವ ಏರುಪೇರಿನಲ್ಲಿ ಊಟದ್ದೇ ದೊಡ್ಡ ಪಾಲು. ತಿಂದ ಶಕ್ತಿಯಲ್ಲಿ ಸುಮಾರು 10% ಜೀರ್ಣಕ್ರಿಯೆಗೇ ಖರ್ಚಾಗುತ್ತದೆ, ಅದೂ ಹಲವು ಗಂಟೆ ಎಳೆಯುತ್ತದೆ. ರಾತ್ರಿ ಊಟವಾದ ಮೇಲೆ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಅಳೆಯುವುದೇ ಸರಿ. ‘ಬರೀ ಕಾಫಿ ಕುಡಿದಿದ್ದೇನೆ’ ಅಂದರೂ ಒಪ್ಪಬೇಡಿ: 100 ಮಿ.ಗ್ರಾಂ ಕೆಫೀನ್ ಸಾಕು, ದರ 3–4% ಏರಿ ಎರಡು ಗಂಟೆ ದಾಟಿಯೂ ಹಾಗೇ ಇರುತ್ತದೆ. ಹಿಂದಿನ ದಿನ ಜೋರು ವ್ಯಾಯಾಮ ಬೇಡ. ಕೋಣೆ 22–25 ಡಿಗ್ರಿ ಇರಲಿ. 20 ನಿಮಿಷ ಮಲಗಿಸಿ, ಎಚ್ಚರವಾಗಿದ್ದರೂ ಅಲುಗಾಡದಂತೆ ಹೇಳಿ, ಆಮೇಲೆ ದಾಖಲಿಸಿ. ಮೊದಲ 5 ನಿಮಿಷದ ಅಂಕಿಗಳನ್ನು ಬಿಟ್ಟುಬಿಡಿ, ಹೊಸಬರು ಹುಡ್ ಒಳಗೆ ಗಾಬರಿಯಿಂದ ಉಸಿರಾಡುತ್ತಾರೆ. ನಂತರದ 5 ನಿಮಿಷಗಳಲ್ಲಿ ಎರಡೂ ಅನಿಲಗಳ ವಿಚಲನ ಗುಣಾಂಕ (ಸರಾಸರಿಯ ಶೇಕಡಾವಾರು ಲೆಕ್ಕದಲ್ಲಿ ಅಂಕಿಗಳ ಏರುಪೇರು) 10% ಒಳಗಿದ್ದರೆ ಸ್ಥಿರಸ್ಥಿತಿ ಸಿಕ್ಕಿತು ಎಂದು ಲೆಕ್ಕ. ಡೈಆಕ್ಸೈಡನ್ನು ಆಮ್ಲಜನಕದಿಂದ ಭಾಗಿಸಿ ಒಮ್ಮೆ ನೋಡಿ. ಮೇಲಿನ ಉದಾಹರಣೆಯಲ್ಲಿ ಅದು 0.82. ಉಪವಾಸದಲ್ಲೂ 1 ದಾಟಿದರೆ ಜೋರು ಉಸಿರಾಟವೋ ಕ್ಯಾಲಿಬ್ರೇಷನ್ ದೋಷವೋ ಇರಬೇಕು. ಆ ಅಳತೆ ಎಸೆಯಿರಿ.

ಇಷ್ಟೆಲ್ಲ ಪಾಲಿಸಿದರೂ ಒಬ್ಬರಲ್ಲೇ ದಿನದಿಂದ ದಿನಕ್ಕೆ 3–5% ವ್ಯತ್ಯಾಸ ಉಳಿಯುತ್ತದೆ. ವಿಚಲನ ಗುಣಾಂಕ 4% ಅಂದರೆ, ಎರಡು ಅಳತೆಗಳ ಅಂತರ ನಿಜವೆನ್ನಲು ಅದು 1.96 × √2 × 4 (95% ಖಚಿತತೆಗೆ 1.96, ಅಳತೆ ಎರಡಾದ್ದರಿಂದ √2), ಅಂದರೆ ಸುಮಾರು 11% ದಾಟಬೇಕು. 1,535ಕ್ಕೆ ಅದು 170 ಕಿಲೋಕ್ಯಾಲರಿ. ಸೋಮವಾರ–ಗುರುವಾರದ 75 ಏನನ್ನೂ ಹೇಳುವುದಿಲ್ಲ. ಪ್ರತಿ ಸಲ ಎರಡು ದಿನದ ಸರಾಸರಿ ತೆಗೆದುಕೊಂಡರೆ ಈ ಮಿತಿ 8%ಗೆ ಇಳಿಯುತ್ತದೆ.

ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸದ ಕಥೆ ಬೇರೆ. ಅದರಲ್ಲಿ ಹೆಚ್ಚಿನ ಪಾಲು ಕೊಬ್ಬುರಹಿತ ದ್ರವ್ಯರಾಶಿಯದು. ಆ ದ್ರವ್ಯರಾಶಿಯೂ ಒಂದೇ ಬಗೆಯದಲ್ಲ: ಹೃದಯ, ಮೂತ್ರಪಿಂಡಗಳು ಕೆ.ಜಿ.ಗೆ ದಿನಕ್ಕೆ 440 ಕಿಲೋಕ್ಯಾಲರಿ ಉರಿಸಿದರೆ ಮಿದುಳು 240, ಯಕೃತ್ತು 200, ವಿಶ್ರಾಂತಿಯಲ್ಲಿರುವ ಸ್ನಾಯು ಬರೀ 13. ಜಿಮ್ ಜಾಹೀರಾತುಗಳು ಈ ಕೊನೆಯ ಅಂಕಿಯನ್ನು ಹೇಳುವುದಿಲ್ಲ.

ಒಬ್ಬರನ್ನು ಇನ್ನೊಬ್ಬರೊಂದಿಗೆ ಹೋಲಿಸುವಾಗ ಹೆಚ್ಚು ಎಡವುವುದು ತೂಕದಿಂದ ಭಾಗಿಸುವಲ್ಲಿ. ಅಳೆಯದೆಯೇ ದರವನ್ನು ಅಂದಾಜಿಸುವ ಮಿಫ್ಲಿನ್ ಸೂತ್ರದಲ್ಲಿ (ಪುರುಷರಿಗೆ 10 × ತೂಕ + 6.25 × ಎತ್ತರ − 5 × ವಯಸ್ಸು + 5) 30 ವರ್ಷ, 170 ಸೆಂ.ಮೀ. ಹಾಕಿ. 60 ಕೆ.ಜಿ.ಯವರಿಗೆ 1,518, 100 ಕೆ.ಜಿ.ಯವರಿಗೆ 1,918. ಕೆ.ಜಿ. ಲೆಕ್ಕದಲ್ಲಿ 25.3 ಮತ್ತು 19.2. ದಪ್ಪಗಿರುವವರ ಚಯಾಪಚಯ ‘ನಿಧಾನ’ ಎಂದು ಇದರಿಂದ ತೀರ್ಮಾನಿಸಿದರೆ ತಪ್ಪು, ಸೂತ್ರದಲ್ಲಿ ತೂಕಕ್ಕೆ ಸೇರದ ಭಾಗವೇ ಈ ಇಳಿಕೆ ತೋರಿಸುತ್ತಿದೆ. ಒಂದು ಮೆಟ್ (ವಿಶ್ರಾಂತಿಯ ಖರ್ಚನ್ನು 1 ಎಂದಿಟ್ಟುಕೊಳ್ಳುವ ಮಾನ) ಅಂದರೆ ಕೆ.ಜಿ.ಗೆ ನಿಮಿಷಕ್ಕೆ 3.5 ಮಿ.ಲೀ. ಆಮ್ಲಜನಕ ಎನ್ನುವ ರೂಢಿಯ ಅಂಕಿಯೂ ಇಲ್ಲೇ ಸೋಲುತ್ತದೆ. ಬರ್ನ್ ಮತ್ತು ಸಂಗಡಿಗರು 2005ರಲ್ಲಿ 769 ವಯಸ್ಕರಲ್ಲಿ ಕಂಡ ಸರಾಸರಿ 2.6ರ ಆಸುಪಾಸು.

ಭಾರತೀಯರಿಗೆ ಸೂತ್ರ ಹಾಕುವಾಗ ಇನ್ನಷ್ಟು ಎಚ್ಚರ ಬೇಕು. 1985ರ ಸ್ಕೋಫೀಲ್ಡ್ ಸಮೀಕರಣಗಳ ದತ್ತಾಂಶದಲ್ಲಿ ಹೆಚ್ಚುಕಡಿಮೆ ಅರ್ಧ ಇಟಲಿಯವರದು. ನಮ್ಮವರಿಗೆ ಅವು ಹೆಚ್ಚು ತೋರಿಸುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಶೆಟ್ಟಿ, ಸೋರೆಸ್ ಮೊದಲಾದವರು ಭಾರತೀಯ ಪುರುಷರಿಗೇ ಸಮೀಕರಣಗಳನ್ನು ಕೊಟ್ಟರು. ಮುಂದೆ ಭಾರತೀಯರನ್ನೂ ಆಸ್ಟ್ರೇಲಿಯನ್ನರನ್ನೂ ಹೋಲಿಸಿ, ದೇಹರಚನೆಯನ್ನು ಲೆಕ್ಕಕ್ಕೆ ತಂದಾಗ ಜನಾಂಗದ ಪ್ರಭಾವ ಕಾಣಲಿಲ್ಲ ಎಂದೂ ತೋರಿಸಿದರು.