ಸವೆದ ತಾಮ್ರಕ್ಕೆ ಎಷ್ಟು ಮಾರ್ಕ್ಸು?

ಚಿತ್ರದುರ್ಗದಲ್ಲಿ ನನ್ನ ಗೆಳೆಯರೊಬ್ಬರ ಹತ್ತಿರ ಒಂದು ಆನೆ ಕಾಸಿದೆ. ಟಿಪ್ಪು ಕಾಲದ ತಾಮ್ರದ ಪೈಸೆ, ಸುಮಾರು 11 ಗ್ರಾಂ ತೂಕ. ಆನೆಯ ಕಾಲು, ಹೊಟ್ಟೆ ಚೆನ್ನಾಗಿಯೇ ಉಳಿದಿವೆ. ಸೊಂಡಿಲು ಅರ್ಧ ಸವೆದಿದೆ. ಬೆನ್ನ ಮೇಲಿನ ಇಸವಿಯಲ್ಲಿ ಒಂದು ಅಂಕಿ ಹೋಗಿದೆ. ಅಂಚಿನಲ್ಲಿ ಹೆಸರುಕಾಳಿನಷ್ಟು ಜಾಗದಲ್ಲಿ ಹಸಿರು ಕಿಲುಬು. ಹಿಂದೆ ತಿರುಗಿಸಿದರೆ ಪರ್ಷಿಯನ್ ಅಕ್ಷರದಲ್ಲಿ ಟಂಕಸಾಲೆಯ ಹೆಸರು: ಫರೂಖ್‌ಯಾಬ್ ಹಿಸಾರ್. ಅದು ಬೇರೆ ಯಾವುದೋ ಊರಲ್ಲ, ನಮ್ಮ ದುರ್ಗವೇ. 1779ರಲ್ಲಿ ಕೋಟೆ ಮದಕರಿ ನಾಯಕರಿಂದ ಹೈದರನ ಕೈಗೆ ಹೋಯಿತು. ಆಮೇಲೆ ಟಿಪ್ಪು ಊರಿಗೆ ಈ ಹೆಸರಿಟ್ಟು ಇಲ್ಲೇ ಕಾಸು ಹೊಡೆಸಿದ.

ಬೆಂಗಳೂರಿನ ಒಂದು ನಾಣ್ಯ ಮೇಳದಲ್ಲಿ ಇದನ್ನು ಮೂವರಿಗೆ ತೋರಿಸಿ, ಕಾಸಿನ ಸ್ಥಿತಿಗೆ ಯಾವ ಗ್ರೇಡ್, ಅಂದರೆ ಎಷ್ಟು ಮಾರ್ಕ್ಸು, ಅಂತ ಕೇಳಿದೆವು. ಮೊದಲನೆಯವರು ಕೈಯಲ್ಲಿ ಹಿಡಿದವರೇ "ವೆರಿ ಫೈನ್" ಅಂದರು. ಎರಡನೆಯವರು ಲೂಪ್ (ಪುಟ್ಟ ಭೂತಗನ್ನಡಿ) ಹಾಕಿ, ತಿರುಗಿಸಿ ತಿರುಗಿಸಿ ನೋಡಿ, "ಕಿಲುಬು ಕಳೆದ್ರೆ ಫೈನ್ ಅಷ್ಟೆ" ಅಂದರು. ಮೂರನೆಯವರು ನಮ್ಮ ದಾವಣಗೆರೆ ಕಡೆಯವರೇ. "ಇದಕ್ಕೆ ನಂಬರ್ ಬರಲ್ರೀ. ಡೀಟೇಲ್ಸ್ ಅಂತ ಬರೆದು ಕೊಡ್ತಾರೆ ನೋಡ್ರಿ" ಅಂದು ವಾಪಸ್ ಇಟ್ಟರು. ಒಂದೇ ಕಾಸು, ಮೂರು ಮಾತು, ಬೆಲೆಯಲ್ಲಿ ಒಂದಕ್ಕೆ ಮೂರು ಪಟ್ಟು ವ್ಯತ್ಯಾಸ.

ಮನೆಗೆ ಬರುವಾಗ ಗೆಳೆಯರಿಗೆ ಸಿಟ್ಟು ಬಂದಿತ್ತು. ಆದರೆ ಆ ಮೂವರಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಮೂವರ ಬಾಯಲ್ಲಿ ಮೂರು ಕಾಲದ ಲೆಕ್ಕ ಇತ್ತು, ಅಷ್ಟೆ.

ಮೊದಲನೆಯವರದ್ದು ಎಲ್ಲಕ್ಕಿಂತ ಹಳೆಯದು. ಪೂರ್, ಫೇರ್, ಗುಡ್, ಫೈನ್, ವೆರಿ ಫೈನ್: ಇಂಗ್ಲಿಷ್ ಜಗತ್ತಿನ ಸಂಗ್ರಾಹಕರು ಬಹಳ ಕಾಲ ಈ ಮಾತುಗಳಲ್ಲೇ ವ್ಯಾಪಾರ ಮಾಡಿದರು. ನಮ್ಮ ಹರಾಜು ಕ್ಯಾಟಲಾಗುಗಳಿಗೂ ಅದೇ ರೂಢಿಯಾಯಿತು. ಇದರಲ್ಲಿ ನೋಡುವುದು ಸವೆತ ಮಾತ್ರ. ಕೈಯಿಂದ ಕೈಗೆ ಹೋಗಿ ಎಷ್ಟು ತೇದಿದೆ ಅನ್ನುವುದಕ್ಕೆ ಒಂದು ಪದ. ಕಾಲ ಕಳೆದಂತೆ ಪದಗಳೂ ಸವೆದವು. ಇವತ್ತು 'ಗುಡ್' ಅಂದರೆ ಆಕಾರ ಬಿಟ್ಟು ಬೇರೇನೂ ಉಳಿಯದ ಕಾಸು. 'ಒಳ್ಳೆಯದು' ಅಂತ ನಂಬಿ ತರಿಸಿಕೊಂಡವರು ಪೊಟ್ಟಣ ಬಿಚ್ಚಿ ಪೆಚ್ಚಾಗುತ್ತಾರೆ.

ಪದ ಹೋಗಿ ಅಂಕಿ ಬಂದದ್ದು 1949ರಲ್ಲಿ, ಅಮೆರಿಕದಲ್ಲಿ. ತಂದವರು ವಿಲಿಯಂ ಶೆಲ್ಡನ್ ಅನ್ನುವ ಮನಃಶಾಸ್ತ್ರಜ್ಞ. ಮನುಷ್ಯರ ಮೈಕಟ್ಟಿಗೂ ಅಂಕಿ ಕೊಡಲು ಹೊರಟಿದ್ದವರು ಇವರೇ, ಹಾಗಾಗಿ ಕಾಸಿಗೆ ಕೊಟ್ಟದ್ದು ದೊಡ್ಡ ಆಶ್ಚರ್ಯವಲ್ಲ. ಅವರು ನೋಡಿದ್ದು ಅಮೆರಿಕದ ಮೊದಲ ತಾಮ್ರದ ಸೆಂಟ್‌ಗಳನ್ನು ಮಾತ್ರ, 1793ರಿಂದ 1814ರವರೆಗಿನವು. ಲೆಕ್ಕ ಸರಳವಾಗಿತ್ತು. 1794ರ ಒಂದು ಸೆಂಟ್, ಯಾವುದು ಅಂತ ಗುರುತು ಸಿಗುವಷ್ಟು ಮಾತ್ರ ಉಳಿದಿದ್ದರೆ ಬೆಲೆ 1 ಡಾಲರ್. ಅದೇ ಸೆಂಟ್ ಅಚ್ಚಿನಿಂದ ಈಗ ತಾನೇ ಬಿದ್ದಂತಿದ್ದರೆ 70 ಡಾಲರ್. ಆದ್ದರಿಂದ ಅಂಕಿ 1ರಿಂದ 70. ಅಂಕಿಯನ್ನು ಮೂಲ ಬೆಲೆಯಿಂದ ಗುಣಿಸಿದರೆ ಕಾಸಿನ ಬೆಲೆ ಸಿಗಬೇಕು.

ಆ ಗುಣಾಕಾರ ಹೆಚ್ಚು ವರ್ಷ ಬಾಳಲಿಲ್ಲ. ಚೆನ್ನಾಗಿರುವ ಕಾಸಿನ ಬೆಲೆ ಎಲ್ಲೋ ಹೋಯಿತು, ಸವೆದದ್ದು ಅಲ್ಲೇ ಉಳಿಯಿತು. ಬೆಲೆಯ ಲೆಕ್ಕ ಸತ್ತರೂ ಅಂಕಿ ಸಾಯಲಿಲ್ಲ. 1970ರ ದಶಕದಲ್ಲಿ ಬೆಳ್ಳಿ, ಚಿನ್ನ ಎಲ್ಲಕ್ಕೂ ಅದೇ 70 ಅಂಟಿಕೊಂಡಿತು. 70 ಯಾಕೆ, 100 ಯಾಕಲ್ಲ ಅಂತ ಕೇಳುವವರಿಗೆ ಉತ್ತರ ಇಷ್ಟೇ: ಒಂದು ಕಾಲದಲ್ಲಿ ಒಂದು ಸೆಂಟ್‌ಗೆ 70 ಡಾಲರ್ ಇತ್ತು.

ಎರಡನೆಯವರ ಲೆಕ್ಕ ಹುಟ್ಟಿದ್ದು ಈ ತಾಮ್ರದ ಹುಚ್ಚರ ನಡುವೆಯೇ. ಹಳೆಯ ಸೆಂಟ್ ಸಂಗ್ರಹಿಸುವವರು 1967ರಲ್ಲಿ ಒಂದು ಕೂಟ ಕಟ್ಟಿಕೊಂಡರು, ಹೆಸರು ಅರ್ಲಿ ಅಮೆರಿಕನ್ ಕಾಪರ್ಸ್. ತಾಮ್ರದ ಕಷ್ಟ ಅವರಿಗೆ ಗೊತ್ತಿತ್ತು. ಚಿನ್ನ ಮಣ್ಣಲ್ಲಿದ್ದರೂ ಚಿನ್ನವೇ. ತಾಮ್ರ ಹಾಗಲ್ಲ, ಬೆವರು ತಾಗಿದರೂ ಬಣ್ಣ ಬದಲಿಸುತ್ತದೆ. ಹಾಗಾಗಿ ಕಾಸು ಎಷ್ಟು ಸವೆದಿದೆ, ಅದಕ್ಕೆ ಏನು ಪೆಟ್ಟು ಬಿದ್ದಿದೆ ಅನ್ನುವುದನ್ನು ಬೇರೆ ಬೇರೆ ನೋಡುವ ಪದ್ಧತಿ ಬಂತು. ಮೊದಲು ಉಳಿದಿರುವ ಗೆರೆಗಳಿಗೆ ಅಂಕಿ. ಕಾಸಿನ ಮೇಲಿನ ಮುಖದ ಕೂದಲ ಎಳೆ ಇಷ್ಟು ಕಾಣುತ್ತಿದೆ, ಸರಿ, 20. ಆಮೇಲೆ ಕಿಲುಬಿಗೆ ಇಷ್ಟು, ಗೀರಿಗೆ ಇಷ್ಟು, ಅಂಚಿನ ಪೆಟ್ಟಿಗೆ ಇಷ್ಟು ಅಂತ ಕಳೆಯುವುದು. ಉಳಿದದ್ದು 12 ಆದರೆ ಅದೇ ನಿವ್ವಳ ಗ್ರೇಡ್. ಜೊತೆಗೆ ಮೈ ಹೇಗಿದೆ ಅನ್ನುವುದಕ್ಕೆ ಬೇರೆ ಮಾತು: ಚಾಯ್ಸ್, ಆವರೇಜ್, ಕೊನೆಗೆ ಸ್ಕಡ್ಜಿ. ಸ್ಕಡ್ಜಿ ಅನ್ನುವುದಕ್ಕೆ ನಮ್ಮ ಕಡೆ 'ಗಲೀಜು' ಅಂದರೆ ಸಾಕು.

ನನಗೆ ಈ ಪದ್ಧತಿ ಇಷ್ಟ. ಇದರ ಮುಖ್ಯ ತೊಂದರೆ ಏನೆಂದರೆ, ಎಷ್ಟು ಕಳೆಯಬೇಕು ಅಂತ ಯಾರೂ ಕಲ್ಲಲ್ಲಿ ಕೆತ್ತಿಲ್ಲ. ಮುಖದ ಮೇಲಿನ ಗೀರಿಗೂ ಖಾಲಿ ಜಾಗದ ಗೀರಿಗೂ ಒಂದೇ ದಂಡವೇ? ಅದು ನೋಡುವವರ ಕಣ್ಣಿಗೆ ಬಿಟ್ಟದ್ದು. ಕೊಳ್ಳುವವನ ಕಣ್ಣು ಜಾಸ್ತಿ ಕಳೆಯುತ್ತದೆ, ಮಾರುವವನದ್ದು ಕಡಿಮೆ.

ಆ ಜಗಳ ತಪ್ಪಿಸಲೆಂದೇ ಮೂರನೆಯ ಕಾಲ ಬಂತು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಅನ್ನುವ ಗ್ರೇಡ್ ಕೊಡುವ ಕಂಪನಿಗಳು ಅಮೆರಿಕದಲ್ಲಿ ಶುರುವಾದವು. ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ, ಮೂರನೆಯವರು. ಕಾಸು ನೋಡಿ, ಅಂಕಿ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡುತ್ತಾರೆ. ಅದೇ ಸ್ಲ್ಯಾಬ್. ಹೊಸ ನಾಣ್ಯಗಳಿಗೆ, ಬೆಳ್ಳಿಗೆ ಇದು ಚೆನ್ನಾಗಿ ಹೊಂದಿತು. ಪೆಟ್ಟು ತಿಂದ ಕಾಸುಗಳನ್ನು ಮಾತ್ರ ಮೊದಮೊದಲು ಅಂಕಿಯೇ ಇಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿ ವಾಪಸ್ ಕಳಿಸುತ್ತಿದ್ದರು. ಸಂಗ್ರಾಹಕರು ಅದಕ್ಕೆ 'ಬಾಡಿ ಬ್ಯಾಗ್' ಅಂದರು, ಹೆಣ ಕಟ್ಟುವ ಚೀಲ. ಆಮೇಲೆ ಒಂದು ನಡುದಾರಿ ಸಿಕ್ಕಿತು: ಅಸಲಿ ಹೌದು, ಗೆರೆಗಳು ವೆರಿ ಫೈನ್ ಮಟ್ಟದವು, ಆದರೆ ಕಿಲುಬಿದೆ, ಅಥವಾ ಉಜ್ಜಿದ್ದಾರೆ, ಅಥವಾ ತೂತಿದೆ. ಸ್ಲ್ಯಾಬಿನ ಮೇಲೆ 'ಡೀಟೇಲ್ಸ್' ಅಂತ ಬರುತ್ತದೆ, ಅಂಕಿ ಬರುವುದಿಲ್ಲ.

ವಿಷಯ ನಿಜವಾಗಿ ಕಗ್ಗಂಟಾದದ್ದು ಇಲ್ಲಿ. 1793ರ ಮೊದಲ ಸೆಂಟನ್ನೇ ತೆಗೆದುಕೊಳ್ಳಿ. ಅದರ ಹಿಂಬದಿಯಲ್ಲಿ 15 ಕೊಂಡಿಗಳ ಸರಪಳಿ ಇತ್ತು. ಸ್ವಾತಂತ್ರ್ಯ ಪಡೆದ ದೇಶದ ಕಾಸಿನ ಮೇಲೆ ಸರಪಳಿಯೇ ಅಂತ ಜನ ಗೊಣಗಿದರು, ಬೇಗನೇ ಅದು ಹೋಗಿ ಎಲೆಬಳ್ಳಿ ಬಂತು. ಸರಪಳಿಯದು ಹೊಡೆದದ್ದೇ 36,103. ಅದರಲ್ಲಿ ಉಳಿದು ಬಂದವು ಬಹಳಷ್ಟು ಸವೆದವು, ಕಿಲುಬು ಹಿಡಿದವು. ಸಣ್ಣ ಸಣ್ಣ ರಂಧ್ರ ಬಿದ್ದದ್ದನ್ನೆಲ್ಲ 'ಡೀಟೇಲ್ಸ್' ಅಂದುಬಿಟ್ಟರೆ ಅಂಕಿ ಕೊಡಲು ಉಳಿಯುವುದು ಎಷ್ಟು? ಆದ್ದರಿಂದ ಅಪರೂಪದ ತಾಮ್ರಕ್ಕೆ ಕೈ ಸ್ವಲ್ಪ ಸಡಿಲ. ಬೇರೆ ಕಾಸಿನಲ್ಲಿ ಕ್ಷಮಿಸದ ಒರಟುತನವನ್ನು ಇದರಲ್ಲಿ ಕ್ಷಮಿಸಿ ಅಂಕಿ ಕೊಡುತ್ತಾರೆ. ಎಷ್ಟು ಅಪರೂಪ ಆದರೆ ಎಷ್ಟು ಕ್ಷಮೆ ಅನ್ನುವ ಗೆರೆ ಮಾತ್ರ ಯಾವ ಪುಸ್ತಕದಲ್ಲೂ ಸ್ಪಷ್ಟವಿಲ್ಲ. ಹಾಗಾಗಿ ಡಬ್ಬಿ ಒಡೆದು, ಅದೇ ಕಾಸನ್ನು ಮತ್ತೆ ಕಳಿಸಿ ಅದೃಷ್ಟ ನೋಡುವ ಅಭ್ಯಾಸ ಹುಟ್ಟಿತು. ಅದೂ ಒಂದು ಕಸುಬೇ ಆಯಿತು ಅನ್ನಿ.

ಇನ್ನೊಂದು ತಮಾಷೆ. ಅಂಕಿ ಏರಿಸುವ ಹುಚ್ಚಿನ ಜೊತೆ ಇಳಿಸುವ ಹುಚ್ಚೂ ಬಂತು. ಪೂರ್-1 ಸಿಕ್ಕ ಕಾಸುಗಳನ್ನೇ ಹುಡುಕಿ ಸೇರಿಸುವವರಿದ್ದಾರೆ, ಅದಕ್ಕೆ 'ಲೋಬಾಲ್' ಅಂತ ಹೆಸರು. ಪೂರ್ತಿ ಸವೆದಿರಬೇಕು, ಪೆಟ್ಟು ಬಿದ್ದಿರಬಾರದು, ಯಾವುದು ಅಂತ ಗೊತ್ತಾಗಬೇಕು. ಯೋಚಿಸಿ ನೋಡಿ, ಅಂಥ ಕಾಸು ಸಿಗುವುದು ಸುಲಭವಲ್ಲ.

ಈ ಲೆಕ್ಕವನ್ನು ನಮ್ಮ ಆನೆ ಕಾಸಿನ ಮೇಲೆ ಹೊರಿಸಿದರೆ ಏನಾಗುತ್ತದೆ? ಅಮೆರಿಕದ ಸೆಂಟ್ ಯಂತ್ರದಲ್ಲಿ ಒತ್ತಿದ್ದು. ನಮ್ಮದು ಸುತ್ತಿಗೆಯಲ್ಲಿ ಹೊಡೆದದ್ದು. ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು. ಹೊಡೆದ ದಿನವೇ ಟಂಕಸಾಲೆಯ ಹೆಸರು ಅರ್ಧ ಬಿಲ್ಲೆಯ ಹೊರಗೆ ಹೋಗಿರುತ್ತದೆ. ಮೆತ್ತಗೆ ಏಟು ಬಿದ್ದ ಕಡೆ ಸೊಂಡಿಲು ಮೂಡಿರುವುದೇ ಇಲ್ಲ. ಅದು ಸವೆತವೂ ಅಲ್ಲ, ಪೆಟ್ಟೂ ಅಲ್ಲ. ಇಸವಿಯ ಕಥೆ ಇನ್ನೊಂದು. ಟಿಪ್ಪು 1787ರ ಸುಮಾರಿಗೆ ಮೌಲೂದಿ ಶಕೆ ತಂದ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಎಡಗಡೆ ಸವೆದರೆ ಹೋಗುವುದು ಕೊನೆಯ ಅಂಕಿ, ವರ್ಷ ಯಾವುದು ಅಂತ ತಿಳಿಸುವುದೇ ಅದು. ಆನೆ ಎಷ್ಟೇ ಚೆಂದ ಇರಲಿ, ಹಿಂದಿನ ಹೆಸರು ಓದಲಾಗದಿದ್ದರೆ ಅದು ಶ್ರೀರಂಗಪಟ್ಟಣದ್ದೋ ಬಿದನೂರು ನಗರದ್ದೋ ದುರ್ಗದ್ದೋ ಯಾರು ಹೇಳಬೇಕು? ಆನೆ ಪೂರ್ತಿ ಹೋಗಿ 'ಫರೂಖ್‌ಯಾಬ್ ಹಿಸಾರ್' ಉಳಿದಿದ್ದರೆ ನಮಗೆ ಅದೇ ದೊಡ್ಡದು. 1ರಿಂದ 70ರಲ್ಲಿ ಇದಕ್ಕೆ ಜಾಗವಿಲ್ಲ.

ಅಮೆರಿಕಕ್ಕೇ ಕಳಿಸೋಣ ಅಂದರೆ ಕಾನೂನು ಬಿಡುವುದಿಲ್ಲ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಅದು ಸರಿಯಾದದ್ದೇ. ಆದರೂ ಆ ಅಂಕಿಯ ಭಾಷೆ ಮಾತ್ರ ಗಡಿ ದಾಟಿ ನಮ್ಮ ಮೇಳಗಳ ಟೇಬಲ್ಲಿಗೆ ಬಂದು ಕೂತಿದೆ.

'ಉಜ್ಜಿದ್ದಾರೆ' ಅನ್ನುವ ಷರಾ ನೋಡಿದಾಗಲೆಲ್ಲ ನನಗೆ ಅಜ್ಜಿ ನೆನಪಾಗುತ್ತಾರೆ. ದಾವಣಗೆರೆಯ ನಮ್ಮ ಹಳೆ ಮನೆಯಲ್ಲಿ ದೀಪಾವಳಿಯ ಲಕ್ಷ್ಮಿ ಪೂಜೆಗೆ ಒಂದು ತಟ್ಟೆ ತುಂಬ ತಾಮ್ರದ ಕಾಸು ಇಡುತ್ತಿದ್ದರು. ಹಿಂದಿನ ದಿನ ಅದನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುವುದು ನನ್ನ ಕೆಲಸ. ಕಂದು ಬಣ್ಣ ಕರಗಿ ಕೈಯೆಲ್ಲ ಕಪ್ಪಾಗುತ್ತಿತ್ತು. ಕಾಸು ಮಾತ್ರ ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ತಾಮ್ರದ ಮೇಲಿನ ಆ ಕಂದು ಪದರವೇ ಅದರ ರಕ್ಷೆ, ಹುಣಸೆಯ ಹುಳಿ ಮೊದಲು ತಿನ್ನುವುದೇ ಅದನ್ನು ಅಂತ ಗೊತ್ತಾಗುವಷ್ಟರಲ್ಲಿ ನಾನು ನಾಲ್ಕೈದು ದೀಪಾವಳಿ ಮುಗಿಸಿದ್ದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, 'ಶ್ರೀ' ಬರೆದ ಆನೆ ಕಾಸುಗಳೂ ಆ ತಟ್ಟೆಯಲ್ಲಿದ್ದವು. ಈಗ ಅವು ನನ್ನ ಡಬ್ಬಿಯಲ್ಲಿವೆ, ಸತ್ತ ಮೀನಿನ ಬಣ್ಣದಲ್ಲಿ. ಪೂಜೆ ಇದ್ದ ಮನೆಯ ತಾಮ್ರ ಯಾವುದು ಹುಣಸೆಹಣ್ಣು ಕಂಡಿಲ್ಲ ಹೇಳಿ? ಮಕ್ಕಳ ಉಡಿದಾರಕ್ಕೆ ಕಟ್ಟಲು ತೂತು ಹೊಡೆದವು ಬೇರೆ. ನಿಯಮದ ಪ್ರಕಾರ ಎಲ್ಲವೂ 'ಡೀಟೇಲ್ಸ್'.

ಕಿಲುಬಿನಲ್ಲೂ ಎರಡು ಬಗೆ ಇದೆ, ಗ್ರೇಡ್ ಕೊಡುವವರು ಮೊದಲು ನೋಡುವುದು ಅದನ್ನೇ. ಗಟ್ಟಿಯಾಗಿ, ನುಣ್ಣಗೆ, ಕಡುಹಸಿರಾಗಿ ಕೂತದ್ದು ಅಷ್ಟು ಅಪಾಯವಲ್ಲ. ತಿಳಿಹಸಿರು ಪುಡಿಯಾಗಿ, ಉಗುರಿಗೆ ಉದುರುವಂಥದ್ದು ರೋಗ. ಉಪ್ಪಿನಲ್ಲಿರುವ ಕ್ಲೋರೈಡ್ ತಾಮ್ರದೊಳಗೆ ಸೇರಿ, ಗಾಳಿಯ ತೇವ ಸಿಕ್ಕಾಗಲೆಲ್ಲ ಒಳಗಿಂದ ತಿನ್ನುತ್ತದೆ. ಇವತ್ತು ಹಾಕಿದ ಅಂಕಿ ಎರಡು ಮಳೆಗಾಲ ಕಳೆದ ಮೇಲೆ ಸುಳ್ಳಾಗಬಹುದು.

ಗೆಳೆಯರ ಆನೆ ಕಾಸು ಸ್ಲ್ಯಾಬಿಗೆ ಹೋಗಲಿಲ್ಲ. ರಟ್ಟಿನ ಹೋಲ್ಡರಿನಲ್ಲಿದೆ. ಮೇಲೆ ಅವರದೇ ಅಕ್ಷರ: "ದುರ್ಗ. ಹೆಸರು ಪೂರ್ತಿ ಇದೆ. ಇಸವಿ ಮುಕ್ಕಾಲು. ಅಂಚಲ್ಲಿ ಕಿಲುಬು." ಕಳೆದ ವಾರ ಲೂಪ್ ಹಾಕಿ ನೋಡಿದಾಗ ಆ ಹಸಿರು ಮೊದಲಿಗಿಂತ ತುಸು ಅಗಲವಾದಂತೆ ಕಂಡಿತು, ಬಣ್ಣವೂ ತಿಳಿ. ಹೋಲ್ಡರಿನ ಪಿನ್ನು ಬಿಚ್ಚಿದೆವು. ಬ್ಯಾಟರಿ ಅಂಗಡಿಯಿಂದ ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರ್ ತಂದು ಗಾಜಿನ ಲೋಟದಲ್ಲಿ ಅದನ್ನು ನೆನೆಹಾಕಿದ್ದೇವೆ. ದಿನಾ ನೀರು ಬದಲಿಸುವುದು ಅವರ ಸೊಸೆಯ ಪಾಲಿಗೆ ಬಂದಿದೆ. ಲೋಟದ ಮೇಲೆ ಒಂದು ಚೀಟಿಯನ್ನೂ ಅಂಟಿಸಿದ್ದಾರೆ, ಯಾರಾದರೂ ತಾಮ್ರದ ನೀರು ಒಳ್ಳೆಯದು ಅಂತ ಕುಡಿದುಬಿಟ್ಟಾರು ಅಂತ.