ಕುಲುಮೆಯಲ್ಲಿ ಹದವಾಗುವ ನಿಕ್ಕಲ್

ನಿಕ್ಕಲ್ ಮಿಶ್ರಲೋಹದಿಂದ ಮಾಡಿದ ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡಿನ ಒಂದು ಚೂರನ್ನು ನುಣ್ಣಗೆ ಉಜ್ಜಿ, ಆಸಿಡ್ ಹಚ್ಚಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ. ಒತ್ತೊತ್ತಾಗಿ ಜೋಡಿಸಿದ ಇಟ್ಟಿಗೆ ಗೋಡೆ ಕಂಡಂತಾಗುತ್ತದೆ. ಒಂದೊಂದು ಇಟ್ಟಿಗೆಯೂ ಹೆಚ್ಚುಕಡಿಮೆ ಅರ್ಧ ಮೈಕ್ರೋಮೀಟರ್. ಇಟ್ಟಿಗೆಯ ಹೆಸರು ಗಾಮಾ ಪ್ರೈಮ್, ಅಂದರೆ ನಿಕ್ಕಲ್ ಮತ್ತು ಅಲ್ಯೂಮಿನಿಯಂ ಕೂಡಿದ ಕಣ; ನಡುವಿನ ಗಾರೆಯ ಹೆಸರು ಗಾಮಾ, ಅಂದರೆ ಉಳಿದ ನಿಕ್ಕಲ್ ಮಿಶ್ರಲೋಹ. ಈ ಗೋಡೆ ಎದ್ದದ್ದು ಕುಲುಮೆಯ ಶಾಖದಲ್ಲಿ.

1906ರಲ್ಲಿ ಆಲ್ಬರ್ಟ್ ಮಾರ್ಷ್ ನಿಕ್ಕಲ್‌ಗೆ ಕ್ರೋಮಿಯಂ ಬೆರೆಸಿ ನೈಕ್ರೋಮ್‌ಗೆ ಪೇಟೆಂಟ್ ಪಡೆದರು. ಕೆಂಪಗೆ ಕಾದರೂ ಅದು ಸುಟ್ಟುಹೋಗುತ್ತಿರಲಿಲ್ಲ. ಆದರೆ ಭಾರ ಹೇರಿದರೆ ನಿಧಾನವಾಗಿ ಜಗ್ಗುತ್ತಿತ್ತು. 1920ರ ದಶಕದ ಕೊನೆಗೆ ಅದಕ್ಕೆ ಟೈಟಾನಿಯಂ, ಅಲ್ಯೂಮಿನಿಯಂ ಸ್ವಲ್ಪ ಸೇರಿಸಿ ನೋಡಿದರು. ಜಗ್ಗುವುದು ತುಂಬಾ ಕಡಿಮೆಯಾಯಿತು. ಯಾಕೆ ಅಂತ ಕಣ್ಣಾರೆ ನೋಡಲು ಆಗಿನ ಮೈಕ್ರೋಸ್ಕೋಪು ಸಾಲದು, ಅದರೊಳಗಿನ ಗಾಮಾ ಪ್ರೈಮ್ ಕಣಗಳು ಅಷ್ಟು ಸಣ್ಣವು.

1940ರ ದಶಕದಲ್ಲಿ ಬ್ರಿಟನ್ನಿನಲ್ಲಿ ಎಂಜಿನಿಯರ್ ಫ್ರಾಂಕ್ ವಿಟ್ಲ್ ಅವರ ಜೆಟ್ ಎಂಜಿನ್ನಿಗಾಗಿ ನಿಮೋನಿಕ್ 80 ಎಂಬ ಇಂಥದೇ ಮಿಶ್ರಲೋಹ ಬಂತು. ಅದರ ಮುಂದಿನ ರೂಪವಾದ 80ಎಯನ್ನು ಹದಗೊಳಿಸುವ ಕ್ರಮ ಹೀಗಿದೆ: 1080 ಡಿಗ್ರಿ ಸೆಲ್ಸಿಯಸ್‌ನಲ್ಲಿ 8 ಗಂಟೆ, ಆಮೇಲೆ 700 ಡಿಗ್ರಿಯಲ್ಲಿ 16 ಗಂಟೆ. ಮೊದಲ ಕಾವಿಗೆ ಗಾಮಾ ಪ್ರೈಮ್ ಎಲ್ಲಾ ಗಾಮಾದೊಳಗೆ ಕರಗುತ್ತದೆ. ಎರಡನೆಯದಕ್ಕೆ ಸಣ್ಣ ಕಣಗಳಾಗಿ ಮತ್ತೆ ಹುಟ್ಟುತ್ತದೆ. ಲೋಹ ಜಗ್ಗದಂತೆ ತಡೆಯುವುದು ಈ ಕಣಗಳೇ. ಹೊತ್ತು ಜಾಸ್ತಿಯಾದರೆ ಅವು ದಪ್ಪಗಾಗಿ, ದೂರ ದೂರವಾಗಿ, ಹಿಡಿತ ಸಡಿಲವಾಗುತ್ತದೆ.

ಈ ಕಥೆಯಲ್ಲಿ ನನಗೆ ಅತಿ ಇಷ್ಟವಾದದ್ದು ಇಂಕೊನೆಲ್ 718 ಎಂಬ ನಿಕ್ಕಲ್ ಮಿಶ್ರಲೋಹ. ಅದಕ್ಕೂ ಮುಂಚಿನವುಗಳಲ್ಲಿ ಗಾಮಾ ಪ್ರೈಮ್ ಬೇಗ ಬೇಗ ಹುಟ್ಟುವುದರಿಂದ, ಬೆಸುಗೆ ಹಾಕಿ ಮತ್ತೆ ಕಾಯಿಸಿದಾಗ ಲೋಹ ಬಿರುಕು ಬಿಡುತ್ತಿತ್ತು. ಲೋಹತಜ್ಞ ಹರ್ಬರ್ಟ್ ಐಸೆಲ್‌ಸ್ಟೈನ್ ನಿಯೋಬಿಯಂ ಎಂಬ ಲೋಹ ಸೇರಿಸಿ, ನಿಧಾನವಾಗಿ ಹುಟ್ಟುವ ಇನ್ನೊಂದು ಕಣವನ್ನು ನೆಚ್ಚಿಕೊಂಡರು. ಅದೇ ಗಾಮಾ ಡಬಲ್ ಪ್ರೈಮ್. ನಿಧಾನವನ್ನೇ ಗುಣವಾಗಿಸಿದ್ದು ಎಷ್ಟು ಚೆಂದದ ಯೋಚನೆ, ಅಲ್ವಾ? 1962ರಲ್ಲಿ ಪೇಟೆಂಟ್ ಸಿಕ್ಕಿತು. ಇದನ್ನು 720 ಡಿಗ್ರಿಯಲ್ಲಿ 8 ಗಂಟೆ ಇಟ್ಟು, ನಿಧಾನವಾಗಿ 620ಕ್ಕೆ ಇಳಿಸಿ, ಒಟ್ಟು 18 ಗಂಟೆ ಕಾಯಬೇಕು. ಅದೇ 900 ಡಿಗ್ರಿಯ ಆಸುಪಾಸಿನಲ್ಲಿ ಬಹಳ ಹೊತ್ತು ಬಿಟ್ಟರೆ ಡೆಲ್ಟಾ ಎಂಬ ಸೂಜಿಗಳು ಬೆಳೆದು, ಗಾಮಾ ಡಬಲ್ ಪ್ರೈಮ್‌ಗೆ ಬೇಕಾದ ನಿಯೋಬಿಯಂ ನುಂಗಿಬಿಡುತ್ತವೆ.

ಬ್ಲೇಡುಗಳ ತೊಡಕೇ ಬೇರೆ. ಗಾಮಾ ಪ್ರೈಮ್ ಜಾಸ್ತಿ ಇದ್ದಷ್ಟೂ ಅದನ್ನು ಕರಗಿಸುವ ಕಾವು, ಲೋಹವೇ ಕರಗುವ ಕಾವಿನ ಹತ್ತಿರ ಬರುತ್ತದೆ. 1980ರ ದಶಕದಲ್ಲಿ ವಿಮಾನಗಳಿಗೆ ಬಂದ ಏಕಹರಳಿನ, ಅಂದರೆ ಇಡೀ ಒಂದೇ ಹರಳಾಗಿ ಎರಕ ಹೊಯ್ದ, ಬ್ಲೇಡು ದಾರಿ ಕೊಟ್ಟಿತು. ಹರಳುಗಳ ನಡುವಿನ ಗಡಿಯೇ ಇಲ್ಲದ ಮೇಲೆ, ಅದನ್ನು ಬಿಗಿಮಾಡಲು ಹಾಕುತ್ತಿದ್ದ ಬೋರಾನ್, ಕಾರ್ಬನ್ ಹೆಚ್ಚೇನೂ ಬೇಕಾಗಲಿಲ್ಲ. ಬೇಗ ಕರಗುವ ಜಾಗಗಳಿಗೆ ಅವೂ ಒಂದು ಕಾರಣವಾಗಿದ್ದವು. ಈಗ ಸುಮಾರು 1300 ಡಿಗ್ರಿಯವರೆಗೂ ಹೋಗಬಹುದು, ಆದರೆ ಮೆಟ್ಟಿಲು ಮೆಟ್ಟಿಲಾಗಿ.

ಎಂಜಿನ್ನಿಗೆ ಹೋದ ಮೇಲೂ ಹದ ನಿಲ್ಲುವುದಿಲ್ಲ. ಬಿಸಿ ಮತ್ತು ಎಳೆತಕ್ಕೆ ಇಟ್ಟಿಗೆಗಳು ಪಕ್ಕಪಕ್ಕದವನ್ನು ಕೂಡಿಕೊಂಡು, ಎಳೆತಕ್ಕೆ ಅಡ್ಡಲಾಗಿ ಹಲಗೆಗಳಾಗುತ್ತವೆ. ಹಳೆಯ ಬ್ಲೇಡನ್ನು ಕೊಯ್ದು ನೋಡುವ ಎಂಜಿನಿಯರ್, ಯಾವ ಭಾಗ ಎಷ್ಟು ಕಾದಿತ್ತು ಎಂದು ಆ ಹಲಗೆಗಳಿಂದ ಅಂದಾಜು ಮಾಡುತ್ತಾರೆ.